ಹೂಂಗುಟ್ಟುವವರ ಎದುರು

ಊರಿನ ದೀಪಗಳನ್ನೆಲ್ಲ ಆರಿಸಿದ ಮೇಲೆ ಅವುಗಳ ಕುಡಿಗಳು ಎಲ್ಲಿಗೆ ಹೋಗುತ್ತವೆ ಎಂಬುದಕ್ಕೆ ಕನ್ನಡದ ಒಂದು ಜನಪದ ಕತೆಯಲ್ಲಿ ಉತ್ತರವಿದೆ. ಮಲಗುವ ಮುನ್ನ ಮನೆಯಾಕೆ ಉಫ್ ಎಂದು ಊದಿದ ಗಳಿಗೆಯಲ್ಲೇ ಅವು ಬತ್ತಿಯಿಂದ ಇಳಿದು, ಚಿಲಕ ಹಾಕಿದ ಬಾಗಿಲ ಸಂದಿಯಲ್ಲಿ ನುಸುಳಿ, ನಾಯಿಗಳೂ ಮಲಗಿದ ಓಣಿಗಳಲ್ಲಿ ಒಂದರ ಹಿಂದೊಂದು ನಡೆದು, ಹನುಮಪ್ಪನ ಗುಡಿಯಲ್ಲಿ ಒಟ್ಟುಗೂಡುತ್ತವೆ. ಇರುಳೆಲ್ಲ ಕೂತು ತಂತಮ್ಮ ಮನೆಯಲ್ಲಿ ನಡೆದುದನ್ನು ಒಂದಕ್ಕೊಂದು ಹೇಳಿಕೊಳ್ಳುತ್ತವೆ. ಅಂಥ ಒಂದು ರಾತ್ರಿ ಒಂದು ಕುಡಿ ತಡವಾಗಿ ಬರುತ್ತದೆ. ಯಾಕೆ ತಡವೆಂದು ಉಳಿದವು ಕೇಳಿದಾಗ ಅದು ತನ್ನ ಮನೆಯ ಜಗಳದ ಸುದ್ದಿ ಬಿಚ್ಚುತ್ತದೆ. ಆ ಮನೆಯ ಹೆಂಗಸಿಗೆ ಒಂದು ಕತೆ ಗೊತ್ತಿತ್ತು, ಒಂದು ಹಾಡು ಗೊತ್ತಿತ್ತು, ಎರಡನ್ನೂ ಆಕೆ ಯಾರಿಗೂ ಹೇಳಿರಲಿಲ್ಲ. ಒಳಗೇ ಉಸಿರುಗಟ್ಟಿದ ಅವು ಒಂದು ದಿನ ಆಕೆ ಬಾಯಿ ತೆರೆದು ನಿದ್ದೆಹೋದಾಗ ಹೊರಬಿದ್ದು, ಕತೆ ಒಂದು ಜೊತೆ ಜೋಡಾಗಿ ಬಾಗಿಲ ಬಳಿ ಕೂತಿತು, ಹಾಡು ಗಂಡಸಿನ ಕೋಟಾಗಿ ಗೂಟಕ್ಕೆ ನೇತುಬಿತ್ತು. ಮನೆಗೆ ಬಂದ ಗಂಡ ಯಾರವು ಇವು ಎಂದ, ಆಕೆಗೂ ಗೊತ್ತಿರಲಿಲ್ಲ. ಸಿಟ್ಟಿನಲ್ಲಿ ಕಂಬಳಿ ಎತ್ತಿಕೊಂಡು ಗುಡಿಗೆ ಬಂದು ಮಲಗಿದ್ದ ಆ ಗಂಡನ ಕಿವಿಗೇ ಕುಡಿಯ ಮಾತು ಬೀಳುತ್ತದೆ. ಬೆಳಗ್ಗೆ ಮನೆಗೆ ಹೋಗಿ ಆ ಕತೆ ಯಾವುದು, ಆ ಹಾಡು ಯಾವುದು ಎಂದು ಕೇಳಿದರೆ, ಆಕೆಗೆ ಎರಡೂ ಮರೆತುಹೋಗಿವೆ.

ಎ.ಕೆ. ರಾಮಾನುಜನ್ ದಾಖಲಿಸಿದ ಈ ಕತೆಯ ಜ್ಯೋತಿಗಳು ಗಿರೀಶ ಕಾರ್ನಾಡರ ‘ನಾಗಮಂಡಲ’ದ ಪಾಳುಗುಡಿಗೂ ನಡೆದು ಬಂದವು. ಈಚೆಗೆ ನಾನು ಇದನ್ನು ಬೇರೊಂದು ಕಾರಣಕ್ಕೆ ನೆನೆಯುತ್ತಿದ್ದೇನೆ. ಹೇಳದೆ ಉಳಿದದ್ದು ಒಳಗೆ ಸುಮ್ಮನೆ ಬಿದ್ದಿರುವುದಿಲ್ಲ. ಹೇಳಬೇಕಾದವಳಿಗೂ ಗುರುತು ಸಿಗದ ವೇಷ ತೊಟ್ಟು ಬಾಗಿಲಲ್ಲಿ ನಿಲ್ಲುತ್ತದೆ. ಭಾನುವಾರ ಸಂಜೆ ಬೆಳಕು ಇಳಿಯುವ ಹೊತ್ತಿಗೆ ಹೊಟ್ಟೆಯಲ್ಲಿ ಏಳುವ ಸಂಕಟವಾಗಿ, ಲಿಫ್ಟಿನ ಗುಂಡಿ ಒತ್ತಲು ಹೋಗಿ ತಡೆಯುವ ಬೆರಳಾಗಿ, ಮಗು ಹಾಲು ಚೆಲ್ಲಿದರೆ ಸಾಕು ಸಿಡಿದೇಳುವ ಕೂಗಾಗಿ. ಏನಾಯ್ತು ನಿನಗೆ ಎಂದು ಮನೆಯವರು ಕೇಳುತ್ತಾರೆ. ಏನೂ ಇಲ್ಲ ಎನ್ನುತ್ತಾಳೆ. ಸುಳ್ಳು ಹೇಳುತ್ತಿದ್ದಾಳೆಂದಲ್ಲ, ಆ ಜೋಡು, ಆ ಕೋಟು ಯಾರವೆಂದು ಆಕೆಗೂ ತಿಳಿಯದು.

ಒಬ್ಬಾಕೆಯನ್ನು ಕಣ್ಣಮುಂದೆ ತಂದುಕೊಂಡು ಇದನ್ನು ಬರೆಯುತ್ತಿದ್ದೇನೆ. ಕಂಡ, ಕೇಳಿದ ಹಲವರನ್ನು ಕೂಡಿಸಿ ಕಲ್ಪಿಸಿಕೊಂಡವಳು. ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡವೊಂದರಲ್ಲಿ ಕೆಲಸ ಮಾಡುವವಳಿರಬಹುದು, ಜಿಲ್ಲಾ ಕೇಂದ್ರದ ಯಾವುದೋ ಕಚೇರಿಯವಳೂ ಆಗಿರಬಹುದು. ಆಕೆಯ ಮೇಲೆ ಯಾರೂ ಕೈ ಎತ್ತಿಲ್ಲ. ಎಲ್ಲರಿಗೂ ಹೋದ ಮೀಟಿಂಗ್ ಕರೆ ಆಕೆಗೆ ಮಾತ್ರ ಬಂದಿಲ್ಲ, ಅಷ್ಟೆ. ಕ್ಯಾಂಟೀನಿನಲ್ಲಿ ತಟ್ಟೆ ಹಿಡಿದು ಹತ್ತಿರ ಹೋದಾಗ ಮೇಜಿನ ನಗು ನಿಂತಿದೆ. ರಾತ್ರಿ ಹನ್ನೊಂದಕ್ಕೆ ಬಂದ ಮೇಲ್‌ನಲ್ಲಿ ಆಕೆಯ ತಪ್ಪೊಂದನ್ನು ಇಪ್ಪತ್ತು ಜನ ಓದುವಂತೆ ಬರೆಯಲಾಗಿದೆ. ಹತ್ತು ವರ್ಷದಿಂದ ಮಾಡಿಕೊಂಡು ಬಂದ ಕೆಲಸವನ್ನು ತೆಗೆದು, ಯಾರೂ ನೋಡದ ಒಂದು ಪಟ್ಟಿಯನ್ನು ಮತ್ತೆ ಮತ್ತೆ ತಿದ್ದಲು ಕೊಡಲಾಗಿದೆ. “ನಿಮ್ಮಿಂದ ಆಗಲ್ಲ ಬಿಡಿ ಮೇಡಂ,” ಎಂಬ ಮಾತು ಎಂದೂ ಏರುದನಿಯಲ್ಲಿ ಬಂದದ್ದಿಲ್ಲ, ನಗುನಗುತ್ತಲೇ ಬಂದಿದೆ.

1980ರ ದಶಕದಲ್ಲಿ ಸ್ವೀಡನ್ನಿನಲ್ಲಿ ಹೈಂಜ್ ಲೇಮನ್ ಎಂಬ ಮನಶ್ಶಾಸ್ತ್ರಜ್ಞರು ಇಂಥವನ್ನೇ ಕುಳಿತು ಪಟ್ಟಿ ಮಾಡಿದರು. ಮಾತನ್ನು ನಡುವೆ ತುಂಡರಿಸುವುದು, ಎದುರಿಗಿದ್ದರೂ ಇಲ್ಲವೆಂಬಂತೆ ನಡೆಯುವುದು, ಬೆನ್ನ ಹಿಂದೆ ಗುಸುಗುಸು, ಅರ್ಥವಿಲ್ಲದ ಕೆಲಸ ಹೊರಿಸುವುದು ಹೀಗೆ 45 ಬಗೆಗಳು ಅವರಿಗೆ ಸಿಕ್ಕವು. ಇವುಗಳಲ್ಲಿ ಯಾವುದಾದರೂ ವಾರಕ್ಕೊಮ್ಮೆಯಾದರೂ, ಆರು ತಿಂಗಳಾದರೂ ನಡೆದರೆ ಅದನ್ನು ಕಿರುಕುಳವೆಂದು ಎಣಿಸಬೇಕೆಂದರು. ಆಮೇಲೆ ಇಂಥವರಿಗಾಗಿಯೇ ನಡೆಸಿದ ಚಿಕಿತ್ಸಾಲಯದ 64 ಮಂದಿಯನ್ನು ಪರೀಕ್ಷಿಸಿ 1996ರಲ್ಲಿ ಬರೆದಾಗ, ದೊಡ್ಡ ಆಘಾತಗಳಿಂದ ಪಾರಾಗಿ ಬಂದವರ ನಿದ್ದೆಗೆಟ್ಟ ಕಣ್ಣು, ಬೆಚ್ಚಿಬೀಳುವ ಮೈ ಇವರಲ್ಲೂ ಕಾಣುತ್ತದೆ ಎಂದರು. ಆ ಪಟ್ಟಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಒಂದು ಸಂಗತಿ. ಅದರಲ್ಲಿ ಬಹುಪಾಲು ಮಾತಿನಿಂದ ಆದ ಗಾಯಗಳು, ಇಲ್ಲವೇ ಮಾತನ್ನು ತಡೆಹಿಡಿದು ಮಾಡಿದ ಗಾಯಗಳು. ಆಕೆಯ ಬಗ್ಗೆ ಒಂದು ಕತೆ ಕಟ್ಟಲಾಗಿದೆ, ಎಲ್ಲರೂ ಅದನ್ನು ಸ್ವಲ್ಪ ಸ್ವಲ್ಪ ಹೇಳಿದ್ದಾರೆ, ಆಕೆ ಮಾತ್ರ ಅದರೊಳಗೆ ಬಾಯಿಲ್ಲದ ಪಾತ್ರವಾಗಿ ತಿರುಗಾಡಿದ್ದಾಳೆ; ಕೊನೆಗೊಂದು ದಿನ ಕನ್ನಡಿಯ ಮುಂದೆ ತಲೆ ಬಾಚುತ್ತಾ ಅದೇ ಕತೆಯನ್ನು ತನ್ನ ದನಿಯಲ್ಲೇ ತನಗೆ ಹೇಳಿಕೊಳ್ಳತೊಡಗಿದ್ದಾಳೆ. ಮದ್ದೂ ಆ ಮಾತಿನಲ್ಲೇ ಇದೆಯೆಂದರೆ, ವಿಷ ತಗುಲಿದ ನಾಲಗೆಯೇ ಅಮೃತವನ್ನೂ ತರಬಲ್ಲದೆಂದರೆ, ಹೇಗೆ ಬೆರಗಾಗದಿರುವುದು?

ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿದ್ದ ಮೈಕೆಲ್ ವೈಟ್, ನ್ಯೂಜಿಲೆಂಡಿನ ಡೇವಿಡ್ ಎಪ್ಸ್ಟನ್ ಎಂಬ ಇಬ್ಬರು ಚಿಕಿತ್ಸಕ ಗೆಳೆಯರು ಈ ಬೆರಗಿನ ಬೆನ್ನುಹತ್ತಿ ಹೋದರು. 1990ರಲ್ಲಿ ಇಬ್ಬರೂ ಸೇರಿ ಬರೆದ ಪುಸ್ತಕದಿಂದ ಕಥನ ಚಿಕಿತ್ಸೆ ಎಂಬ ದಾರಿ ಜಗತ್ತಿಗೆ ಕಂಡಿತು. ಅದಕ್ಕೂ ಮೊದಲೇ, 1984ರಲ್ಲಿ, ವೈಟ್ ಬರೆದಿದ್ದ ಒಂದು ಪ್ರಸಂಗ ಕೇಳಿದರೆ ನಗು ಬರುತ್ತದೆ. ಹೊತ್ತುಗೊತ್ತಿಲ್ಲದೆ ಚಡ್ಡಿಯಲ್ಲೇ ಹೇಲುತ್ತಿದ್ದ ಪುಟ್ಟ ಹುಡುಗನನ್ನು ಸೋತು ಸುಣ್ಣವಾದ ಅಪ್ಪ ಅಮ್ಮ ಕರೆತಂದಿದ್ದರು. ವೈಟ್ ಹುಡುಗನನ್ನು ಬೈಯಲಿಲ್ಲ, ಅಪ್ಪ ಅಮ್ಮನಿಗೆ ಬುದ್ಧಿ ಹೇಳಲಿಲ್ಲ. ಆ ತೊಂದರೆಗೇ ಒಂದು ಹೆಸರು ಬಂತು: ‘ಕಳ್ಳ ಕಕ್ಕ’ ಎಂದುಕೊಳ್ಳೋಣ. ಈ ಕಳ್ಳ ಯಾವಾಗ ಬರುತ್ತಾನೆ, ನಿನ್ನನ್ನು ಹೇಗೆ ಮರುಳು ಮಾಡುತ್ತಾನೆ, ಅಮ್ಮನಿಗೆ ಏನು ಮಾಡಿದ, ಅವನ ಕೈಗೆ ನೀನು ಸಿಗದೆ ಹೋದದ್ದು ಎಂದಾದರೂ ಉಂಟೇ? ಹುಡುಗನಿಗೆ ನೆನಪಾಯಿತು, ಉಂಟು. ಆ ‘ಉಂಟು’ವಿನಿಂದ ಬೇರೊಂದು ಕತೆ ಮೊಳೆಯಿತು.

ಅದೇ ಪ್ರಶ್ನೆಗಳನ್ನು ನಮ್ಮ ಈ ಹೆಂಗಸಿಗೆ ಕೇಳುವ ಕೋಣೆಯನ್ನು ಊಹಿಸಿಕೊಳ್ಳುತ್ತೇನೆ. ದೊಡ್ಡ ಕೋಣೆಯಲ್ಲ. ಎರಡು ಬೆತ್ತದ ಕುರ್ಚಿ, ಮುಚ್ಚಳ ಹಾಕಿದ ಸ್ಟೀಲ್ ಲೋಟದಲ್ಲಿ ನೀರು, ಕಿಟಕಿಯಾಚೆ ಹೊಂಗೆಯ ಮರ, ಅದರ ನೆರಳು ಗೋಡೆಯ ಮೇಲೆ ಎಲೆಎಲೆಯಾಗಿ ಅಲುಗುತ್ತಾ ಮಧ್ಯಾಹ್ನದ ಜೊತೆ ನಿಧಾನವಾಗಿ ನೆಲಕ್ಕೆ ಇಳಿಯುತ್ತಿದೆ, ಫ್ಯಾನು ಮೂರರಲ್ಲಿ ತಿರುಗುತ್ತಿದೆ. ಮೊದಲ ದಿನಗಳಲ್ಲಿ ಆಕೆ ಕತೆ ಹೇಳುವುದಿಲ್ಲ, ಮೊಕದ್ದಮೆ ಹೇಳುತ್ತಾಳೆ. ತಾರೀಖು, ಮೇಲ್, ಯಾರು ಏನೆಂದರು, ತಾನು ಏನೆನ್ನಬೇಕಿತ್ತು. ತನ್ನ ಮೇಲೆ ತಾನೇ ಹೂಡಿಕೊಂಡ ಮೊಕದ್ದಮೆ. ಎದುರಿಗೆ ಕುಳಿತವರು ಅದನ್ನು ಅವಸರಪಡಿಸುವುದಿಲ್ಲ. ಹಾಗೆಂದು ಗಾಯವನ್ನು ಇಡಿಯಾಗಿ ಬಿಚ್ಚಿ ತೋರಿಸೆಂದು ಒತ್ತಾಯಿಸುವುದೂ ಇಲ್ಲ. ಹೊಳೆಯ ಸೆಳವನ್ನು ಕುರಿತು ಹೇಳಬೇಕಾದರೆ ಮೊದಲು ದಂಡೆ ಹತ್ತಿ ನಿಲ್ಲಬೇಕು. ಮತ್ತೆ ನೀರಿಗಿಳಿಸಿ ಹೇಳಿಸುವುದು ಮತ್ತೊಮ್ಮೆ ಮುಳುಗಿಸಿದ ಹಾಗೆಯೇ. ಹೇಳಿಕೊಂಡರೆ ಹಗುರಾಗುತ್ತದೆ ಎಂದು ನಾವು ಸಲೀಸಾಗಿ ಅಂದುಬಿಡುತ್ತೇವೆ. ಎಲ್ಲಿ ನಿಂತು, ಯಾರಿಗೆ, ಯಾವಾಗ ಎಂಬುದು ಕೂಡಿಬರದೆ ಅದು ನಿಜವಾಗುವುದಿಲ್ಲ.

ದಂಡೆ ಎಲ್ಲಿ ಸಿಗುತ್ತದೆ? ತೀರ ಚಿಕ್ಕ ಪ್ರಶ್ನೆಯೊಂದರಲ್ಲಿ.

“ಆ ತಿಂಗಳುಗಳಲ್ಲಿ ಮಧ್ಯಾಹ್ನದ ಊಟ ಎಲ್ಲಿ ಮಾಡ್ತಿದ್ರಿ?”

“ಮೆಟ್ಟಿಲ ಹತ್ರ. ಕ್ಯಾಂಟೀನಿಗೆ ಹೋಗ್ತಿರಲಿಲ್ಲ. ಅಲ್ಲಿ ಹೌಸ್‌ಕೀಪಿಂಗ್ ಅಕ್ಕ ಒಬ್ರು ಕೂರ್ತಿದ್ರು.”

“ಅವರ ಜೊತೆ ಏನು ಮಾತು?”

“ಮಾತೇನಿಲ್ಲ... ಅವರ ಮಗಳು ಪಿಯುಸಿ. ಸ್ಕಾಲರ್‌ಶಿಪ್ ಅರ್ಜಿ ಎಲ್ಲಾ ಆನ್‌ಲೈನ್ ಅಲ್ವಾ, ಅವರಿಗೆ ಗೊತ್ತಾಗ್ತಿರಲಿಲ್ಲ. ನಾನು ತುಂಬಿಕೊಡ್ತಿದ್ದೆ.”

ಬರೆಯುತ್ತಿದ್ದ ಪೆನ್ನು ನಿಲ್ಲುತ್ತದೆ. ಫ್ಯಾನಿನ ಸದ್ದು ಅಷ್ಟು ಹೊತ್ತೂ ಇತ್ತೆಂಬುದು ಆಗ ಗೊತ್ತಾಗುತ್ತದೆ. ನಿಮ್ಮಿಂದ ಆಗಲ್ಲ ಎಂದು ಮೇಲಿನ ಮಹಡಿಯಲ್ಲಿ ದಿನವೂ ಕೇಳಿಸಿಕೊಳ್ಳುತ್ತಿದ್ದವಳು ಕೆಳಗಿನ ಮೆಟ್ಟಿಲಲ್ಲಿ, ಮೊಸರನ್ನದ ಡಬ್ಬಿಯನ್ನು ಪಕ್ಕಕ್ಕಿಟ್ಟು, ಜಾತಿ ಪ್ರಮಾಣಪತ್ರದ ಸಂಖ್ಯೆ, ಆದಾಯ ಪ್ರಮಾಣಪತ್ರದ ಸಂಖ್ಯೆ ಒಂದೊಂದನ್ನೂ ಎರಡೆರಡು ಸಲ ನೋಡಿ ತುಂಬುತ್ತಿದ್ದಳು. ಯಾರೂ ಅದನ್ನು ಕಂಡಿರಲಿಲ್ಲ. ಆಕೆಯೂ ಕಂಡಿರಲಿಲ್ಲ. ನೋವು ತಿನ್ನುತ್ತಿದ್ದ ಅವೇ ದಿನಗಳ ಅಡಿಯಲ್ಲಿ ಇನ್ನೊಂದು ಕತೆ ಸದ್ದಿಲ್ಲದೆ ನಡೆಯುತ್ತಲೇ ಇತ್ತು. ಯಾರೂ ಬರೀ ಪೆಟ್ಟು ತಿನ್ನುತ್ತಾ ಕೂತಿರುವುದಿಲ್ಲ, ತಮಗೆ ಪ್ರಿಯವಾದ ಏನನ್ನೋ ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಕಾಯುತ್ತಿರುತ್ತಾರೆ ಎಂಬುದು ವೈಟ್ ಅವರ ನಂಬಿಕೆ. ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನೋವನ್ನೇ ಒಂದು ಸಾಕ್ಷಿಯಾಗಿ ಓದುತ್ತಿದ್ದರು. ಅವಮಾನ ಇಷ್ಟು ಚುಚ್ಚಿತೆಂದರೆ, ಕೆಲಸವನ್ನು ಚೆನ್ನಾಗಿ ಮಾಡಬೇಕು, ಜನ ಜನರನ್ನು ಗೌರವದಿಂದ ಕಾಣಬೇಕು ಎಂಬುದು ಆಕೆಗೆ ಅಷ್ಟು ದೊಡ್ಡದಾಗಿತ್ತು. ಅದಿಲ್ಲದವರಿಗೆ ಇಷ್ಟು ನೋಯುವುದಿಲ್ಲ. ಅಯೋಗ್ಯತೆಯ ಗುರುತೆಂದು ಆಕೆ ತಿಳಿದಿದ್ದ ಕಣ್ಣೀರೇ ಆಕೆಯ ಯೋಗ್ಯತೆಯ ಪರವಾಗಿ ಸಾಕ್ಷಿ ನುಡಿಯುತ್ತಿತ್ತು.

“ನೀವು ಹೀಗೆ ಮೆಟ್ಟಿಲ ಮೇಲೆ ಕೂತು ಅರ್ಜಿ ಬರೀತಿದ್ರಿ ಅಂತ ಕೇಳಿದ್ರೆ, ‘ಅದೇನು ಹೊಸದಲ್ಲ ಬಿಡಿ’ ಅನ್ನೋರು ಯಾರಾದ್ರೂ ಇದಾರಾ?”

ಬಹಳ ಹೊತ್ತಿನ ಮೇಲೆ ಆಕೆ, “ನಮ್ಮ ದೊಡ್ಡಪ್ಪ,” ಎನ್ನುತ್ತಾಳೆ. ದೊಡ್ಡಪ್ಪ ಊರಿನ ಪೋಸ್ಟ್ ಮಾಸ್ತರರು. ಸಂಜೆ ಜಗುಲಿಯ ಮೇಲೆ ಓದು ಬಾರದವರ ಕಾಗದ ಓದಿ ಹೇಳುತ್ತಿದ್ದರು, ಅವರು ಹೇಳಿದ್ದನ್ನು ಇನ್‌ಲ್ಯಾಂಡ್ ಲೆಟರಿನಲ್ಲಿ ಒತ್ತೊತ್ತಾಗಿ ಬರೆದುಕೊಡುತ್ತಿದ್ದರು. ಅಂಟು ಹಚ್ಚುವ ಕೆಲಸ ಮಾತ್ರ ಇವಳದು. ದೊಡ್ಡಪ್ಪ ತೀರಿಹೋಗಿ ಎಷ್ಟೋ ವರ್ಷವಾಗಿದೆ. ಆದರೂ ಆ ಮಧ್ಯಾಹ್ನ, ಹೊಂಗೆಯ ನೆರಳು ನೆಲದ ಮೇಲೆ ಕಾಲಬೆರಳವರೆಗೆ ಬಂದಿದ್ದ ಹೊತ್ತಿನಲ್ಲಿ, ಅವರು ಒಳಗೆ ಬಂದು ಕೂತರು. ನಶ್ಯದ ಘಮವೂ ಬಂದಿರಬೇಕು. ದೇವರ ಹೆಸರನ್ನು ಆ ಕೋಣೆಯಲ್ಲಿ ಯಾರೂ ಎತ್ತುವುದಿಲ್ಲ, ಎತ್ತಬೇಕಾಗಿಯೂ ಇಲ್ಲ. ಚಪ್ಪಲಿಯನ್ನು ಹೊರಗೆ ಬಿಟ್ಟು ಬರಬೇಕಿತ್ತು ಅನ್ನಿಸುವಂಥ ಒಂದು ಮೌನ ಅಲ್ಲಿ ತಾನಾಗಿ ನೆಲೆಸಿರುತ್ತದೆ.

ಇಲ್ಲಿ ರಾಮಾನುಜನ್ ಸಂಗ್ರಹಿಸಿದ ಇನ್ನೊಂದು ಕತೆ, ಇದು ತಮಿಳಿನದು, ನೆನಪಾಗದೆ ಇರದು. ಇಬ್ಬರು ಮಕ್ಕಳು, ಇಬ್ಬರು ಸೊಸೆಯಂದಿರು ದಿನವೂ ಹಂಗಿಸುತ್ತಿದ್ದ ಒಬ್ಬ ಮುದುಕಿ ದುಃಖವನ್ನೆಲ್ಲ ಒಳಗೇ ನುಂಗಿ ನುಂಗಿ ಊದಿಕೊಳ್ಳುತ್ತಾ ಹೋಗುತ್ತಾಳೆ. ದಪ್ಪಗಾದಳೆಂದು ಅದಕ್ಕೂ ಹಂಗಿಸುತ್ತಾರೆ. ಒಂದು ದಿನ ಊರಾಚೆ ಸೂರಿಲ್ಲದ ಪಾಳುಮನೆಯೊಳಗೆ ಹೊಕ್ಕು ಒಬ್ಬ ಮಗನ ಬಗ್ಗೆ ಒಂದು ಗೋಡೆಗೆ ಹೇಳುತ್ತಾಳೆ. ಗೋಡೆ ಕುಸಿಯುತ್ತದೆ, ಆಕೆ ಅಷ್ಟು ಹಗುರಾಗುತ್ತಾಳೆ. ಒಬ್ಬೊಬ್ಬರಿಗೆ ಒಂದೊಂದು ಗೋಡೆ. ನಾಲ್ಕೂ ಬಿದ್ದ ಮೇಲೆ ಹಗುರಾದ ಮೈಯಲ್ಲಿ ಬಯಲಿನಲ್ಲಿ ನಿಂತಿರುತ್ತಾಳೆ. ಗೋಡೆಗೂ ಕಿವಿಯಿದೆಯೆಂದು ನಾವು ಎಚ್ಚರಿಕೆಗೆ ಹೇಳುವ ಮಾತು ಆಕೆಯ ಪಾಲಿಗೆ ಕರುಣೆಯಾಗಿಬಿಟ್ಟಿತು. 1986ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನಿಬೇಕರ್ ಕಾಲೇಜು ವಿದ್ಯಾರ್ಥಿಗಳನ್ನು ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ, ತಮ್ಮ ಅತಿ ಕಹಿ ಅನುಭವವನ್ನು ಭಾವನೆಯೊಂದಿಗೆ ಬರೆಯಲು ಕೂರಿಸಿದಾಗ ಮುಂದಿನ ತಿಂಗಳುಗಳಲ್ಲಿ ಅವರು ಕಾಲೇಜಿನ ಆಸ್ಪತ್ರೆಗೆ ಹೋದದ್ದು ಕಡಿಮೆಯಾಯಿತು. ಅವರಿಗೆ ಬಿಳಿ ಹಾಳೆಯೇ ಗೋಡೆ.

ಆದರೆ ಗೋಡೆ ಹೂಂಗುಟ್ಟುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಕತೆ ಹೇಳುವ ಅಜ್ಜಿಯರು ಹೂಂಗುಟ್ಟುವವರಿಲ್ಲದೆ ಒಂದು ಮಾತೂ ಮುಂದೆ ಹೋಗುತ್ತಿರಲಿಲ್ಲ. ಕತ್ತಲೆಯಲ್ಲಿ, ರಗ್ಗಿನೊಳಗಿಂದ, ಹೂಂ ಎಂಬ ದನಿ ಬಂದರೆ ರಾಜಕುಮಾರ ಏಳು ಸಮುದ್ರ ದಾಟುತ್ತಿದ್ದ. ನಿಂತರೆ ಅಲ್ಲೇ ನೀರಿನ ನಡುವೆ ನಿಂತುಬಿಡುತ್ತಿದ್ದ. ಮಹದೇಶ್ವರನ ಕಾವ್ಯ ಹಾಡುವ ದೇವರಗುಡ್ಡರಿಗೂ ಹಿಮ್ಮೇಳದ ದನಿಗಳು ಬೇಕು, ಇರುಳಿಡೀ. ಆ ಹೂಂನಲ್ಲಿ ಸಲಹೆಯಿಲ್ಲ, ಹೊಗಳಿಕೆಯಿಲ್ಲ, ನನಗೂ ಹಾಗೇ ಆಗಿತ್ತು ಎಂದು ಕತೆಯನ್ನು ತನ್ನ ಕಡೆಗೆ ಎಳೆದುಕೊಳ್ಳುವ ಆತುರವಿಲ್ಲ. ಇದ್ದೇನೆ, ಹೇಳು, ಅಷ್ಟೆ.

ಕಥನ ಚಿಕಿತ್ಸೆಯಲ್ಲಿ ಇದಕ್ಕೊಂದು ವಿಧಿಯೇ ಇದೆ. ಬೇಕೆಂದವರ ಒಪ್ಪಿಗೆ ಪಡೆದು, ಇಬ್ಬರೋ ಮೂವರೋ ಹೊರಗಿನವರನ್ನು ಕರೆದು ಕೂರಿಸುತ್ತಾರೆ. ಕೆಲವೊಮ್ಮೆ ಹಿಂದೆ ಇದೇ ದಾರಿಯಲ್ಲಿ ನಡೆದು ಬಂದವರನ್ನು. ಅವರು ಸುಮ್ಮನೆ ಕೇಳುತ್ತಾರೆ. ಆಮೇಲೆ, ಆಕೆ ಕೇಳುತ್ತಿರುವಂತೆ, ಯಾವ ಮಾತು ತಮ್ಮನ್ನು ಹಿಡಿದು ನಿಲ್ಲಿಸಿತು, ಅದನ್ನು ಕೇಳುವಾಗ ಯಾವ ಚಿತ್ರ ಮನಸ್ಸಿಗೆ ಬಂತು, ತಮ್ಮ ಬದುಕಿನ ಯಾವ ತಂತಿ ಮಿಡಿಯಿತು, ಇದನ್ನು ಕೇಳಿದ ತಾವು ಈಗ ಎಲ್ಲಿಗೆ ಬಂದು ನಿಂತಿದ್ದೇವೆ ಎಂಬುದನ್ನಷ್ಟೇ ಹೇಳುತ್ತಾರೆ. ಈ ವಿಧಿಯನ್ನು ವೈಟ್ ಪಡೆದದ್ದು ಬಾರ್ಬರಾ ಮೈಯರ್‌ಹಾಫ್ ಎಂಬ ಮಾನವಶಾಸ್ತ್ರಜ್ಞೆಯಿಂದ. ಆಕೆ 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ವೆನಿಸ್ ಎಂಬ ಕಡಲತೀರದಲ್ಲಿ, ಪೂರ್ವ ಯುರೋಪಿನಿಂದ ಬಂದು ನೆಲೆಸಿದ್ದ ವೃದ್ಧ ಯಹೂದಿಗಳ ಜೊತೆ ವರ್ಷಗಟ್ಟಲೆ ಕೂತು ಅವರ ಕತೆಗಳನ್ನು ಕೇಳಿದವರು. ಅಲ್ಲೊಬ್ಬ ಮುದುಕಿಗೆ ಸೈಕಲ್ ಸವಾರನೊಬ್ಬ ಗುದ್ದಿದ, ಆಕೆ ಸತ್ತರು. ಕಾಣಿಸಲಿಲ್ಲ ಎಂದನಂತೆ ಅವನು. ಆ ಮುದುಕ ಮುದುಕಿಯರೆಲ್ಲ ಬೀದಿಗಿಳಿದು ಮೆರವಣಿಗೆ ಹೊರಟರು, ತಾವು ಕಾಣಿಸಬೇಕೆಂದು. ಎದುರಿಗಿದ್ದರೂ ಇಲ್ಲದಂತೆ ಆಗುವ ಆ ನೋವು ಲೇಮನ್ ಪಟ್ಟಿಯಲ್ಲೂ ಇದೆ, ಕಡಲತೀರದ ಕಾಲುದಾರಿಯಲ್ಲೂ ಇದೆ, ನಮ್ಮ ಕ್ಯಾಂಟೀನುಗಳಲ್ಲೂ ಇದೆ. ಇನ್ನೊಬ್ಬರ ಕಣ್ಣಿನಲ್ಲಿ ಕಾಣಿಸಿಕೊಳ್ಳುವವರೆಗೆ ನಮಗೆ ನಾವೂ ಪೂರ್ತಿ ಕಾಣಿಸುವುದಿಲ್ಲವೇನೋ.

ಎಪ್ಸ್ಟನ್ ಇನ್ನೊಂದು ಕೆಲಸ ಮಾಡುತ್ತಿದ್ದರು. ಭೇಟಿ ಮುಗಿಸಿ ಹೋದವರಿಗೆ ಕಾಗದ ಬರೆಯುತ್ತಿದ್ದರು; ಅವರೇ ಆಡಿದ ಮಾತುಗಳನ್ನು ಹೆಕ್ಕಿ, ಒಂದೆರಡು ಪ್ರಶ್ನೆ ಸೇರಿಸಿ. ಭಯವನ್ನು ಹಿಡಿದು ಪಳಗಿಸಿದ ಮಕ್ಕಳಿಗೆ ಅವರೂ ವೈಟ್ ಅವರೂ ಸರ್ಟಿಫಿಕೇಟುಗಳನ್ನೇ ಕೊಡುತ್ತಿದ್ದದ್ದುಂಟು. ಆಟದಂತೆ ಕಂಡರೂ ಇದು ಆಟವಲ್ಲ. ಕಚೇರಿಯ ಕಿರುಕುಳ ಬಹಳ ಸಲ ಕಾಗದದ ಮೇಲೆ ನಡೆಯುತ್ತದೆ. ಮೆಮೊ, ವಿವರಣೆ ಕೇಳಿದ ನೋಟಿಸು, ಅಪ್ರೈಸಲ್‌ನ ಕೆಂಪು ಅಂಕಿ. ಅವೆಲ್ಲ ಫೈಲಿನಲ್ಲಿ ಆಕೆಯ ಹೆಸರಿನ ಕೆಳಗೆ ಉಳಿಯುತ್ತವೆ. ಮೆಟ್ಟಿಲ ಮೇಲಿನ ಅರ್ಧ ಗಂಟೆಗಳು, ಜಗುಲಿಯ ದೊಡ್ಡಪ್ಪ, ಜಾತಿ ಪ್ರಮಾಣಪತ್ರದ ಸಂಖ್ಯೆಯನ್ನು ಎರಡು ಸಲ ನೋಡುವ ಕಣ್ಣು ಇವುಗಳ ದಾಖಲೆಯೂ ಎಲ್ಲೋ ಒಂದು ಕಡೆ ಮಸಿಯಲ್ಲಿ ಇರಬೇಡವೇ? ಅಂಥ ಒಂದು ಕಾಗದ ಕೈಗೆ ಬಂದ ದಿನ ಮಡಿಕೆ ಬಿಚ್ಚಿ ಓದಿ, ಮತ್ತೆ ಮಡಿಸಿ, ಅಡುಗೆಮನೆಯಲ್ಲಿ ಅನ್ನಕ್ಕಿಟ್ಟು ಮತ್ತೊಮ್ಮೆ ಬಿಚ್ಚಿ ಓದುವ ಕೈಗಳನ್ನು ನಾನು ಊಹಿಸಬಲ್ಲೆ.

ಇಷ್ಟೆಲ್ಲ ಬೆರಗಿನ ನಡುವೆ ಒಂದು ಕಸಿವಿಸಿಯನ್ನೂ ಹೇಳಿಬಿಡಬೇಕು. ಕತೆ ವಾಸಿ ಮಾಡುತ್ತದೆಂದು, ನೋಯಿಸಿದವರನ್ನು ಹಾಗೇ ಬಿಟ್ಟು ನೊಂದವರನ್ನಷ್ಟೇ ರಿಪೇರಿಗೆ ಕಳಿಸಿ, ಅದೇ ಕುರ್ಚಿಗೆ ಮರಳಿ ತಂದು ಕೂರಿಸುವುದಾದರೆ ಅದು ಕರುಣೆಯಲ್ಲ. ಸ್ವೀಡನ್ 1993ರಲ್ಲೇ ಇಂಥ ಕಿರುಕುಳವನ್ನು ತಡೆಯುವ ಹೊಣೆ ಮಾಲೀಕರದೆಂದು ನಿಯಮ ಮಾಡಿತು. ನಮ್ಮಲ್ಲಿ ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆಯಿದೆ. ಉಳಿದ ಕಿರುಕುಳಕ್ಕೆಂದೇ ಪ್ರತ್ಯೇಕ ಕಾಯ್ದೆ ಇಲ್ಲ. ಆಕೆ ದೂರು ಕೊಡಬಹುದು, ಕೆಲಸ ಬಿಡಬಹುದು, ಅಲ್ಲೇ ಉಳಿಯಲೂಬಹುದು. ಯಾವುದನ್ನೇ ಆರಿಸಿಕೊಂಡರೂ ಅದು ಆಕೆಯೇ ಹೇಳುವ ಕತೆಯ ಮುಂದಿನ ಮಾತಾಗಿರಲಿ ಎಂಬುದಷ್ಟೇ ಆ ಬೆತ್ತದ ಕುರ್ಚಿಯವರ ಆಸೆ.

ನಿಮ್ಮ ಕಚೇರಿಯಲ್ಲೂ ಯಾರೋ ಒಬ್ಬರು ಈಚೆಗೆ ಒಬ್ಬರೇ ಊಟ ಮಾಡುತ್ತಿರಬಹುದು. ನಾಳೆ ನಿಮ್ಮ ಡಬ್ಬಿ ತೆಗೆದುಕೊಂಡು ಅವರ ಪಕ್ಕ ಕೂತುಕೊಳ್ಳಿ. ಏನನ್ನೂ ಕೇಳದಿದ್ದರೂ ಸರಿ, ಉಪದೇಶವಂತೂ ಬೇಡ. ಆ ಒಬ್ಬರು ನೀವೇ ಆಗಿದ್ದರೆ, ಹೇಳಿಕೊಳ್ಳಲು ಹತ್ತಿರದಲ್ಲಿ ಯಾರೂ ಇಲ್ಲವೆನಿಸಿದರೆ, 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ ಇದೆ. ಸಂಖ್ಯೆ 14416. ಕರೆ ಉಚಿತ, ಹಗಲೂ ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.